ಐದು ಗಂಟೆಗೆ ಲೈಬ್ರರಿಗೆ ಬೀಗ ಹಾಕುವವರಿಗೆ ಒಂದು ಬಹಿರಂಗ ಪತ್ರ

ಟ್ರಸ್ಟಿನ ಹಿರಿಯರಿಗೆ, ಪ್ರಿನ್ಸಿಪಾಲ್ ಮೇಡಂಗೆ, ಲೈಬ್ರರಿ ಕಮಿಟಿಯ ಎಲ್ಲರಿಗೂ ನಮಸ್ಕಾರ.

ನಾನು ಮುಂಬೈಯಲ್ಲಿರುವ ನಿಮ್ಮದೇ ಕಾಲೇಜಿನ ಹುಡುಗಿ. ಬಿ.ಕಾಂ. ಎರಡನೇ ವರ್ಷ, ನಾಲ್ಕನೇ ಸೆಮಿಸ್ಟರ್. ಕಾಲೇಜಿನ ಹೆಸರು ಬರೆಯುವುದಿಲ್ಲ, ನನ್ನ ಹೆಸರೂ ಬರೆಯುವುದಿಲ್ಲ. ಹಾಲ್ ಟಿಕೆಟ್ ಇನ್ನೂ ಕೈಗೆ ಬಂದಿಲ್ಲ, ಅಷ್ಟು ಹೇಳಿದರೆ ನಿಮಗೆ ಅರ್ಥವಾಗುತ್ತದೆ ಅಲ್ವಾ.

ಇದೇ ವಿಷಯವನ್ನು ಫೆಬ್ರವರಿಯಲ್ಲಿ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಆಫೀಸಿಗೆ ಕೊಟ್ಟಿದ್ದೆವು. 43 ಜನ ಸಹಿ ಹಾಕಿದ್ದೆವು. ಇನ್‌ವರ್ಡ್ ಸೀಲು ಬಿತ್ತು, ನಂಬರೂ ಕೊಟ್ಟರು, ಆಮೇಲೆ ಸುದ್ದಿಯೇ ಇಲ್ಲ. ನಮ್ಮ ಕಾಲೇಜನ್ನು ನಡೆಸುವ ಟ್ರಸ್ಟಿನ ಹಿರಿಯರು ಕನ್ನಡದವರು, ಬೆಳಿಗ್ಗೆ ಚಹಾದ ಜೊತೆ ಕನ್ನಡ ಪೇಪರ್ ಓದುವವರು. ಕನ್ನಡದಲ್ಲಿ ಬರೆದರೆ ಯಾರಾದರೂ ಒಬ್ಬರು ಕೊನೆಯ ತನಕ ಓದಬಹುದು ಅಂತ ಆಸೆ. ನಾನು ಏಳನೇ ಕ್ಲಾಸಿನ ತನಕ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಕಲಿತವಳು. ಕಾಗುಣಿತ ತಪ್ಪಿದ್ದರೆ ಬೈಯಿರಿ, ಓದಿದ್ದೀರಿ ಅಂತಾದರೂ ಗೊತ್ತಾಗುತ್ತದೆ.

ನಾವು ಕೇಳುತ್ತಿರುವುದು ಒಂದೇ. ಪರೀಕ್ಷೆಯ ದಿನಗಳೂ ಸೇರಿ ಸೆಮಿಸ್ಟರಿನ ಕೊನೆಯ ಆರು ವಾರ, ಲೈಬ್ರರಿಯ ರೀಡಿಂಗ್ ರೂಮನ್ನು ಸಂಜೆ ಐದಕ್ಕೆ ಮುಚ್ಚಬೇಡಿ. ರಾತ್ರಿ ಹತ್ತರ ತನಕ ತೆರೆದಿಡಿ. ಎಸಿ ಬೇಡ, ವೈಫೈ ಬೇಡ, ಹೊಸ ಪುಸ್ತಕ ಬೇಡ. ಬೆಳಕು, ಫ್ಯಾನು, ಕುರ್ಚಿ ಸಾಕು.

ಈ ದಿನಗಳಲ್ಲಿ ಕಾಲೇಜು ಹೇಗಿರುತ್ತದೆ ಅಂತ ಮೂರನೇ ಮಹಡಿಯ ಮೀಟಿಂಗ್ ರೂಮಿನಿಂದ ಕಾಣುತ್ತದೋ ಇಲ್ಲವೋ, ಸ್ವಲ್ಪ ಹೇಳುತ್ತೇನೆ. ಜನವರಿ, ಫೆಬ್ರವರಿಯಲ್ಲಿ ಫೆಸ್ಟು, ಸ್ಪೋರ್ಟ್ಸ್ ಡೇ, ಆನ್ಯುವಲ್ ಡೇ ಅಂತ ಅರ್ಧ ಲೆಕ್ಚರ್ ನಡೆಯುವುದೇ ಇಲ್ಲ. ಮಾರ್ಚ್ ಅರ್ಧ ಕಳೆದ ಮೇಲೆ ಎಲ್ಲರಿಗೂ ಒಟ್ಟಿಗೇ ಎಚ್ಚರವಾಗುತ್ತದೆ. ಮೂರು ಯೂನಿಟ್ ಒಂದೇ ವಾರದಲ್ಲಿ ಮುಗಿಯುತ್ತದೆ. ಮುಗಿಯುತ್ತದೆ ಅಂದರೆ, ಪಿಪಿಟಿ ಬಂದು ವಾಟ್ಸಾಪ್ ಗ್ರೂಪಿನಲ್ಲಿ ಬೀಳುತ್ತದೆ. ನಾಲ್ಕು ವಿಷಯದ ಅಸೈನ್‌ಮೆಂಟಿಗೆ ಒಂದೇ ತಾರೀಕು. ಕಮ್ಯುನಿಟಿ ಎಂಗೇಜ್‌ಮೆಂಟ್ ರಿಪೋರ್ಟ್ ಬೇರೆ. ನೋಟಿಸ್ ಬೋರ್ಡಿನಲ್ಲಿ ಡಿಫಾಲ್ಟರ್ ಲಿಸ್ಟ್ ಹಾಕುತ್ತಾರೆ, 75 ಪರ್ಸೆಂಟ್ ಅಟೆಂಡೆನ್ಸ್ ಇಲ್ಲದವರ ಅಮ್ಮಂದಿರು ಕೆಲಸಕ್ಕೆ ರಜೆ ಹಾಕಿ ಬಂದು ಆಫೀಸಿನ ಎದುರು ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ಮಕ್ಕಳು ಮಾತ್ರ ಕ್ಯಾಂಟೀನಿನಲ್ಲಿ ಆರಾಮ. ಥರ್ಡ್ ಇಯರಿನವರು ಬ್ಲ್ಯಾಕ್ ಬುಕ್, ಅಂದರೆ ಪ್ರಾಜೆಕ್ಟ್ ರಿಪೋರ್ಟ್, ಹಿಡಿದುಕೊಂಡು ಓಡುತ್ತಿರುತ್ತಾರೆ. ಒಳಗೆ ಏನಿದೆ ಅಂತ ಬರೆದವರಿಗೇ ಸರಿಯಾಗಿ ಗೊತ್ತಿರುವುದಿಲ್ಲ, ಆದರೆ ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರ ಸರಿಯಾಗಿ ಬಿದ್ದಿರಬೇಕು. ಎದುರಿನ ಝೆರಾಕ್ಸ್ ಅಂಗಡಿಯವನಿಗೆ ದೀಪಾವಳಿ ಬರುವುದೇ ಏಪ್ರಿಲ್‌ನಲ್ಲಿ.

ಎಟಿಕೆಟಿ ಇರುವವರ ಕಥೆ ಬೇರೆ. ಮುಂಬೈಯ ಹೊರಗಿನವರು ಓದುತ್ತಿದ್ದರೆ ಹೇಳಿಬಿಡುತ್ತೇನೆ. ಒಂದೆರಡು ವಿಷಯದಲ್ಲಿ ಫೇಲಾದರೂ ಮುಂದಿನ ಕ್ಲಾಸಿಗೆ ಹೋಗಲು ಬಿಡುತ್ತಾರೆ, ಅದಕ್ಕೆ ಇಲ್ಲಿ ಎಟಿಕೆಟಿ ಅನ್ನುತ್ತಾರೆ, ಅಲೌಡ್ ಟು ಕೀಪ್ ಟರ್ಮ್ಸ್. ಕಳೆದ ವರ್ಷ ನನಗೆ ಒಂದು ಬಂದಿತ್ತು. ಊರಿನ ಅಜ್ಜಿ ಫೋನಿನಲ್ಲಿ ಕೇಳಿಸಿಕೊಂಡು, "ಈ ಪ್ರಾಯ್ದಗೆ ಆಟಿಕೆ ಎಂತಕ್ ಹೆಣೆ" ಅಂದಿದ್ದರು. ಅವರಿಗೆ ಬಿಡಿಸಿ ಹೇಳಲು ಹೋಗಲಿಲ್ಲ.

ಈಗ ಮನೆಯ ವಿಷಯ. ಇದನ್ನು ಬರೆಯಲು ಸ್ವಲ್ಪ ಮುಜುಗರ, ಆದರೆ ಇದನ್ನು ಬಿಟ್ಟರೆ ಪತ್ರಕ್ಕೆ ಅರ್ಥವೇ ಇಲ್ಲ. ನಾವು ಇರುವುದು ಘಾಟ್ಕೋಪರ್ ಪಶ್ಚಿಮದ ಅಸಲ್ಫಾದಲ್ಲಿ, ಗುಡ್ಡದ ಮೇಲೆ. ಮೆಟ್ರೋದಲ್ಲಿ ಹೋಗುವಾಗ ನೀವೂ ನೋಡಿರಬಹುದು, ಕೆಲವು ವರ್ಷಗಳ ಹಿಂದೆ ಯಾರೋ ಬಂದು ಗುಡ್ಡದ ಮನೆಗಳ ಗೋಡೆಗೆಲ್ಲ ಹಳದಿ, ನೀಲಿ, ಗುಲಾಬಿ ಬಣ್ಣ ಬಳಿದು ಹೋದರು. ಮೆಟ್ರೋದ ಕಿಟಕಿಯಿಂದ ಜನ ಫೋಟೋ ತೆಗೆಯುತ್ತಾರೆ. ಬಣ್ಣ ಹೊರಗಿನ ಗೋಡೆಗೆ. ಒಳಗೆ ಹತ್ತು ಅಡಿ, ಹದಿನೈದು ಅಡಿ, ಅಷ್ಟರಲ್ಲೇ ಅಡುಗೆ, ಅಷ್ಟರಲ್ಲೇ ಸ್ನಾನದ ಮೋರಿ, ಅಷ್ಟರಲ್ಲೇ ಐದು ಜನ. ಅಪ್ಪಯ್ಯ ಸಾಕಿನಾಕಾದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ, ಅಂದರೆ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾರೆ, ಬೆಳಿಗ್ಗೆ ಐದಕ್ಕೆ ಮುಂಚೆ ಎದ್ದು ಹೋಗಬೇಕು. ಅಮ್ಮ ಮನೆಯಲ್ಲೇ ಚಪಾತಿ ಮಾಡಿ ಮಾರುತ್ತಾರೆ. ನಳ್ಳಿಯಲ್ಲಿ ನೀರು ಬರುವುದು ಐದೂವರೆಗೆ. ಚಿಕ್ಕಪ್ಪನದು ನೈಟ್ ಡ್ಯೂಟಿ, ಹಗಲು ಮಲಗುತ್ತಾರೆ. ತಮ್ಮ ಒಂಬತ್ತನೇ ಕ್ಲಾಸು, ಅವನೂ ಓದಬೇಕು, ಓದುವುದಿಲ್ಲ, ಐಪಿಎಲ್ ನೋಡುತ್ತಾನೆ. ಟಿವಿ ನಮ್ಮದಲ್ಲ, ಪಕ್ಕದ ಮನೆಯದ್ದು, ಆದರೆ ಗೋಡೆ ಇಬ್ಬರಿಗೂ ಒಂದೇ.

ಒಂಬತ್ತೂವರೆಗೆ ಅಪ್ಪಯ್ಯ ಮಲಗುತ್ತಾರೆ. ಒಂದೇ ಟ್ಯೂಬ್‌ಲೈಟು. ಅವರು ಏನೂ ಹೇಳುವುದಿಲ್ಲ, ಮುಖದ ಮೇಲೆ ಟವೆಲ್ ಹಾಕಿಕೊಳ್ಳುತ್ತಾರೆ. ಅರ್ಧ ಗಂಟೆ ಆದ ಮೇಲೆ ಟವೆಲಿನ ಒಳಗಿಂದಲೇ, "ಸಾಕ್ ಹೆಣೆ, ಮನಿಕೋ" ಅನ್ನುತ್ತಾರೆ. ಅವರಿಗೆ ಲೈಟು ತೊಂದರೆ ಕೊಡುತ್ತಿದೆ ಅಂತಲೋ, ನನ್ನ ಕಣ್ಣಿನ ಚಿಂತೆಯೋ, ನಾನು ಕೇಳಿಲ್ಲ. ಲೈಟ್ ಆರಿಸುತ್ತೇನೆ. ಆಮೇಲೆ ಹೊರಗೆ ಗಲ್ಲಿಯ ನೀಲಿ ಡ್ರಮ್ಮಿನ ಮೇಲೆ ಕೂತು ಮೊಬೈಲ್ ಟಾರ್ಚಿನಲ್ಲಿ ಓದಿ ನೋಡಿದ್ದೇನೆ. ಸೊಳ್ಳೆ ಇರಲಿ, ಹೋಗುವ ಬರುವವರೆಲ್ಲ ಒಂದು ಮಾತು ಕೇಳಿಯೇ ಹೋಗುತ್ತಾರೆ. ಎಷ್ಟನೇ ಕ್ಲಾಸು, ಯಾವ ಕಾಲೇಜು, ಮದುವೆ ಯಾವಾಗ.

ನಾನು ಸಂಜೆ ಐದೂವರೆಯಿಂದ ಏಳರ ತನಕ ಕಾಲೇಜಿನ ಹತ್ತಿರವೇ ಇಬ್ಬರು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಅದು ನನ್ನ ಫೀಸು. ನನ್ನ ಕ್ಲಾಸಿನಲ್ಲೇ ಒಬ್ಬ ಎಂಟರ ತನಕ ಡೆಲಿವರಿ ಬೈಕ್ ಓಡಿಸುತ್ತಾನೆ, ಇನ್ನೊಬ್ಬಳು ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾಳೆ. ನಮಗೆ ಓದಲು ಉಳಿಯುವುದೇ ರಾತ್ರಿಯ ಹೊತ್ತು. ಅದೇ ಹೊತ್ತಿಗೆ 60 ಕುರ್ಚಿಯ ರೂಮಿಗೆ ಬೀಗ ಬಿದ್ದಿರುತ್ತದೆ. ನಾಲ್ಕೂ ನಲವತ್ತಕ್ಕೆ ಲೈಬ್ರರಿಯ ಕಾಕಾ ಒಂದೊಂದೇ ಫ್ಯಾನ್ ಆರಿಸಲು ಶುರು ಮಾಡುತ್ತಾರೆ. ಅವರ ತಪ್ಪಲ್ಲ. ಅವರು ಅಂಬರ್‌ನಾಥ್‌ಗೆ ಹೋಗಬೇಕು.

ಹಾಗಾದರೆ ನಾನು ಎಲ್ಲಿ ಓದುತ್ತೇನೆ? ಲೋಕಲ್ ಟ್ರೈನಿನಲ್ಲಿ. ತಮಾಷೆ ಅಲ್ಲ. ಸಂಜೆ ಮನೆಗೆ ಹೋಗುವಾಗ ಅಲ್ಲ ಮತ್ತೆ, ಆ ರಶ್‌ನಲ್ಲಿ ಪುಸ್ತಕ ಬಿಡಿ, ಕಾಲೆತ್ತಿದರೆ ಮತ್ತೆ ಕೆಳಗಿಡಲು ಜಾಗ ಸಿಗುವುದಿಲ್ಲ. ನನ್ನ ಹತ್ತಿರ ಘಾಟ್ಕೋಪರ್‌ನಿಂದ ಸಿಎಸ್‌ಎಂಟಿಗೆ, ಅಂದರೆ ಹಳೆಯ ವಿ.ಟಿ. ಸ್ಟೇಷನ್ನಿಗೆ, ಸ್ಟೂಡೆಂಟ್ ಕನ್ಸೆಷನ್ನಿನ ಪಾಸ್ ಇದೆ. ರಾತ್ರಿ ಊಟ ಮುಗಿಸಿ ಪಕ್ಕದ ಮನೆಯ ಗೆಳತಿಯ ಜೊತೆ ಗುಡ್ಡ ಇಳಿದು, ಶೇರ್ ಆಟೋ ಹಿಡಿದು ಸ್ಟೇಷನ್ನಿಗೆ ಬರುತ್ತೇನೆ. ಅವಳದು ನರ್ಸಿಂಗ್. ಆ ಹೊತ್ತಿಗೆ ಜನವೆಲ್ಲ ಠಾಣೆ, ಕಲ್ಯಾಣ್ ಕಡೆ ಹೋಗುತ್ತಿರುತ್ತಾರೆ, ಸಿಎಸ್‌ಎಂಟಿ ಕಡೆಯ ಸ್ಲೋ ಟ್ರೈನು ಖಾಲಿ ಹೊಡೆಯುತ್ತಿರುತ್ತದೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬ ಪೊಲೀಸ್, ನಾವಿಬ್ಬರು, ಮೇಲೆ ಸಾಲಾಗಿ ಫ್ಯಾನು, ಹಗಲಿನಂಥ ಬೆಳಕು. ಘಾಟ್ಕೋಪರ್ ಆದ ಮೇಲೆ ಮೊದಲ ಸ್ಟೇಷನ್ ವಿದ್ಯಾವಿಹಾರ್. ಹೆಸರು ನೋಡಿ! ಅಲ್ಲಿ ಪುಸ್ತಕ ತೆಗೆಯುತ್ತೇನೆ. ಕುರ್ಲಾ, ಸಯನ್, ಮಾಟುಂಗಾ, ದಾದರ್. ಒಂದು ಪ್ರಾಬ್ಲೆಮ್ ಬಿಡಿಸಿ ಮುಗಿಸುವಷ್ಟರಲ್ಲಿ ಚಿಂಚ್‌ಪೋಕ್ಲಿ. ಭಾಯಖಳಾ ದಾಟಿದ ಮೇಲೆ ಥಿಯರಿ. ಸಿಎಸ್‌ಎಂಟಿಯಲ್ಲಿ ಇಳಿಯುವುದಿಲ್ಲ, ಅದೇ ಟ್ರೈನು ವಾಪಸ್ ಹೊರಡುವ ತನಕ ಕೂತಿರುತ್ತೇವೆ, ಹೊರಟ ಮೇಲೆ ಮಸ್ಜಿದ್‌ನಲ್ಲಿ, ಭಾಯಖಳಾದಲ್ಲಿ ಜನ ಹತ್ತುತ್ತಾರೆ, ಆದರೆ ನಮಗೆ ಕಿಟಕಿಯ ಸೀಟು ಮೊದಲೇ ಸಿಕ್ಕಿರುತ್ತದೆ. ಹೋಗಿ ಬರುವಷ್ಟರಲ್ಲಿ ಒಂದೂಕಾಲು, ಒಂದೂವರೆ ಗಂಟೆ ಓದು.

ಮೊನ್ನೆ ಆ ಪೊಲೀಸಪ್ಪ ಕೇಳಿದರು, "ಬೇಟಾ, ದಿನಾ ಎಲ್ಲಿಗೆ ಹೋಗ್ತೀರಿ, ದಿನಾ ಇಳಿಯೋದೇ ಇಲ್ವಲ್ಲ?" ನನ್ನ ಗೆಳತಿ ಹೇಳಿದಳು, "ಲೈಬ್ರರಿಗೆ, ಕಾಕಾ." ಅವರು ನಕ್ಕರು. ನನಗೆ ಮಾತ್ರ ನಿಮ್ಮ ಮೇಲೆ ಸಿಟ್ಟು ಬಂತು. ಆ ಟ್ರೈನು ಬಂದು ನಿಲ್ಲುವ ಜಾಗದಿಂದ ನಡೆದು ಹೋದರೆ ಹದಿನೈದು ನಿಮಿಷದಲ್ಲಿ ನಮ್ಮ ಕಾಲೇಜು. ನನ್ನ ರೀಡಿಂಗ್ ರೂಮು ಅಷ್ಟು ಹತ್ತಿರ ಕತ್ತಲಲ್ಲಿ ಖಾಲಿ ಬಿದ್ದಿದೆ, ನಾನು ಗಾಲಿಯ ಮೇಲೆ ಕೂತು ಕಾಸ್ಟಿಂಗ್, ಅಂದರೆ ಖರ್ಚಿನ ಲೆಕ್ಕದ ಪಾಠ, ಓದುತ್ತಿದ್ದೇನೆ.

ಇನ್ನೊಂದು ವಿಷಯ, ನೋ ಡ್ಯೂಸ್. ಇದನ್ನು ಯಾರು ಕಂಡುಹಿಡಿದರೋ ಅವರಿಗೆ ಕೈ ಮುಗಿಯಬೇಕು. ಹಾಲ್ ಟಿಕೆಟ್ ಬೇಕಾದರೆ ಲೈಬ್ರರಿಯ ನೋ ಡ್ಯೂಸ್ ಸಹಿ ಬೇಕು. ನೋ ಡ್ಯೂಸ್ ಸಹಿ ಬೇಕಾದರೆ ತೆಗೆದುಕೊಂಡ ಪುಸ್ತಕವೆಲ್ಲ ವಾಪಸ್ ಕೊಡಬೇಕು. ಅಂದರೆ ಪರೀಕ್ಷೆಗೆ ಕೂರಬೇಕಾದರೆ ಪರೀಕ್ಷೆಯ ಪುಸ್ತಕ ಹಿಂದಕ್ಕೆ ಕೊಟ್ಟಿರಬೇಕು! ಕಳೆದ ಅಕ್ಟೋಬರ್‌ನಲ್ಲಿ ಪರೀಕ್ಷೆಗೆ ಆರು ದಿನ ಇರುವಾಗ ಅಕೌಂಟ್ಸ್ ಪುಸ್ತಕ ಕೊಟ್ಟುಬಂದೆ. ಅದನ್ನು ಲೈಬ್ರರಿಯಲ್ಲೇ ಕೂತು ಓದುತ್ತೇನೆ ಅಂದರೆ ಸ್ಟಾಕ್ ಚೆಕಿಂಗ್ ನಡೆಯುತ್ತಿದೆ, ಇಶ್ಯೂ ಬಂದ್ ಅಂದರು. ಸ್ಟಾಕ್ ಚೆಕಿಂಗ್ ಮೇ ತಿಂಗಳ ರಜೆಯಲ್ಲಿ ಮಾಡಿದರೆ ಪುಸ್ತಕಗಳು ಎಲ್ಲಿಗಾದರೂ ಓಡಿಹೋಗುತ್ತವೆಯೇ? ಈ ವರ್ಷವೂ ಅದೇ ನೋಟಿಸು. ತಾರೀಕು ಮಾತ್ರ ಬದಲಾಗಿದೆ, ಅದೂ ಪೆನ್ನಿನಲ್ಲಿ ತಿದ್ದಿದ್ದು.

ಮೇಡಂ, ನೀವು ಓರಿಯಂಟೇಷನ್ ದಿನ ನಮಗೆ ಹೊಸ ಶಿಕ್ಷಣ ನೀತಿಯ ಬಗ್ಗೆ ಒಂದು ಗಂಟೆ ಹೇಳಿದ್ದಿರಿ. ಕ್ರೆಡಿಟ್ ಅಂದರೆ ಏನು, ಆ ಕ್ರೆಡಿಟ್ ಜಮಾ ಆಗುವ ಎಬಿಸಿ ಐಡಿ ಯಾಕೆ ಮಾಡಿಸಬೇಕು, ಎಲ್ಲ. ನಾನು ಆವತ್ತು ಬರೆದುಕೊಂಡಿದ್ದೆ, ಈಗ ಕೆಲಸಕ್ಕೆ ಬಂತು. ನಮಗೆ ಒಂದು ಸೆಮಿಸ್ಟರಿಗೆ 22 ಕ್ರೆಡಿಟ್. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಕಲಿಕೆ. ಅದರಲ್ಲಿ ಥಿಯರಿ ಕ್ಲಾಸು 15 ಗಂಟೆ. ಉಳಿದ 15 ಗಂಟೆ ನಾವೇ ಓದಿಕೊಳ್ಳುವುದು, ಬರೆಯುವುದು, ಮಾಡುವುದು. ಎಲ್ಲ ಥಿಯರಿಯೇ ಅಂತ ಹಿಡಿದು ಗುಣಿಸಿದರೆ ಕ್ಲಾಸಿನಲ್ಲಿ 330 ಗಂಟೆ, ಕ್ಲಾಸಿನ ಹೊರಗೆ ಇನ್ನೊಂದು 330 ಗಂಟೆ. ಮೊದಲ 330ಕ್ಕೆ ನೀವು ಕಟ್ಟಡ ಕಟ್ಟಿದ್ದೀರಿ, ಬೆಂಚು ಹಾಕಿದ್ದೀರಿ, ಸಿಸಿಟಿವಿ ಹಾಕಿದ್ದೀರಿ, ಒಂದು ಗಂಟೆ ತಪ್ಪಿದರೆ ಡಿಫಾಲ್ಟರ್ ಲಿಸ್ಟಿಗೆ ಹಾಕುತ್ತೀರಿ. ಎರಡನೇ 330 ಗಂಟೆಗೆ ನಾನು ಎಲ್ಲಿ ಕೂರಬೇಕು ಅಂತ ಯಾರಾದರೂ ಯೋಚಿಸಿದ್ದೀರಾ? ದೊಡ್ಡ ಮನೆಯವರಿಗೆ ಈ ಪ್ರಶ್ನೆಯೇ ಇಲ್ಲ, ಬಾಗಿಲು ಹಾಕಿಕೊಂಡು ಕೂರುತ್ತಾರೆ. ರಿಸಲ್ಟ್ ಲಿಸ್ಟಿನಲ್ಲಿ ಮಾತ್ರ ಅವರ ಮತ್ತು ನಮ್ಮ ಹೆಸರು ಒಂದರ ಕೆಳಗೆ ಒಂದು ಬರುತ್ತದೆ.

ಈ ಊರಿನಲ್ಲಿ ಇದು ಹೊಸ ಕಷ್ಟ ಅಲ್ಲ, ಗೊತ್ತು. ಅಂಬೇಡ್ಕರ್ ಪರೇಲಿನ ಚಾಳಿನ, ಅಂದರೆ ವಠಾರದ, ಒಂದೇ ಕೋಣೆಯಲ್ಲಿ ಓದಿದವರು. ಜಾಗ ಸಾಲದೆ ಅಪ್ಪ, ಮಗ ಪಾಳಿಯ ಮೇಲೆ ಮಲಗುತ್ತಿದ್ದರು, ರಾತ್ರಿ ಎರಡು ಗಂಟೆಗೆ ಅಪ್ಪ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಸಂಜೆ ಅವರು ಚರ್ನಿ ರೋಡಿನ ಗಾರ್ಡನ್ನಿಗೆ ಹೋಗಿ ಓದುತ್ತಿದ್ದರು, ಅಲ್ಲೇ ಕೆಳುಸ್ಕರ್ ಮೇಷ್ಟ್ರ ಕಣ್ಣಿಗೆ ಬಿದ್ದದ್ದು. 1907ರಲ್ಲಿ ಮೆಟ್ರಿಕ್ ಪಾಸಾದಾಗ ಆ ಮೇಷ್ಟ್ರೇ ಅವರಿಗೆ ತಾವು ಬರೆದ ಬುದ್ಧನ ಪುಸ್ತಕ ಕೊಟ್ಟರು. ವರ್ಲಿಯಲ್ಲಿ ಪೋದಾರ್ ಆಸ್ಪತ್ರೆಯ ಹತ್ತಿರ ಒಂದು ರಸ್ತೆ ಇದೆ. ಬೋರ್ಡಿನ ಮೇಲೆ ಸುದಾಮ ಕಾಳು ಅಹಿರೆ ಮಾರ್ಗ, ಜನರ ಬಾಯಲ್ಲಿ ಅಭ್ಯಾಸ ಗಲ್ಲಿ. ಬ್ರಿಟಿಷರ ಕಾಲದ ಬಿಡಿಡಿ ಚಾಳಿನ 160 ಚದರಡಿಯ ಕೋಣೆಗಳಲ್ಲಿ ಜಾಗ ಇಲ್ಲದ ಮಕ್ಕಳು ಎಷ್ಟೋ ವರ್ಷಗಳಿಂದ ಅಲ್ಲಿ ಬೀದಿ ದೀಪದ ಕೆಳಗೆ ಓದುತ್ತಾ ಬಂದಿದ್ದಾರೆ. ಅದನ್ನು ಕೇಳಿ ಎಲ್ಲರೂ ಆಹಾ ಅನ್ನುತ್ತಾರೆ, ಭಾಷಣಗಳಲ್ಲಿ ಹೇಳುತ್ತಾರೆ. ನನಗೆ ಆಹಾ ಅನ್ನಿಸುವುದಿಲ್ಲ. ಬೀದಿ ದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆ ಹೇಳುತ್ತಾ ಹೇಳುತ್ತಾ, ಬೀದಿ ದೀಪವೇ ಸಾಕು ಅಂತ ನಿಮಗೆಲ್ಲ ಅನ್ನಿಸಿಬಿಟ್ಟಿದೆ.

ಕಾಲೇಜಿನ ಸುತ್ತ ಬೇರೆ ಜಾಗ ಇಲ್ಲವೇ ಅಂತ ಕೇಳಬಹುದು. ಇದೆ, ಚೆಂದದ ಜಾಗಗಳೇ ಇವೆ. ರಾಜಾಬಾಯಿ ಟವರ್ ಇದೆ, 1878ರದ್ದು, ಅದರ ಬುಡದಲ್ಲಿ ವಿಶ್ವವಿದ್ಯಾಲಯದ ಲೈಬ್ರರಿ. ಕಾಲಾ ಘೋಡಾದಲ್ಲಿ 1870ರ ಡೇವಿಡ್ ಸಸೂನ್ ಲೈಬ್ರರಿ, ಅದರ ಹಿಂದೆ ಹಿತ್ತಲಿನಂಥ ತೋಟ. ಅದಕ್ಕೆ ಮೆಂಬರ್ ಆಗಬೇಕು, ಅಷ್ಟು ದುಡ್ಡು ಒಂದೇ ಸಲ ಕೊಡಲು ನನ್ನಿಂದ ಆಗಲಿಲ್ಲ. ಏಷಿಯಾಟಿಕ್ ಸೊಸೈಟಿ ಲೈಬ್ರರಿಯ ದೊಡ್ಡ ಮೆಟ್ಟಿಲುಗಳ ಮೇಲೆ ಸಂಜೆ ಕೂತಿದ್ದೇವೆ. ಅಲ್ಲಿ ಪಕ್ಕದಲ್ಲಿ ಒಂದು ಜೋಡಿ ಮದುವೆಗೆ ಮುಂಚಿನ ಫೋಟೋ ಶೂಟ್ ಮಾಡಿಸಿಕೊಳ್ಳುತ್ತಿರುತ್ತಾರೆ, ನಾವು ಫ್ರೇಮಿನಲ್ಲಿ ಬರುತ್ತೇವೆ, ಫೋಟೋಗ್ರಾಫರ್ ಬಂದು ಸ್ವಲ್ಪ ಆಚೆ ಹೋಗಿ ಅನ್ನುತ್ತಾನೆ. ಕತ್ತಲಾಗುತ್ತದೆ. ಏಳುತ್ತೇವೆ.

ಈಗ ಟ್ರಸ್ಟಿನ ಹಿರಿಯರಿಗೆ ಮಾತ್ರ ಎರಡು ಮಾತು.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ 1988ರಲ್ಲಿ ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದವರು. ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಟೇಬಲ್ ಒರೆಸುವ ಕೆಲಸ, ಆಮೇಲೆ ಬಾಹರ್‌ವಾಲಾ, ಅಂದರೆ ಆಫೀಸುಗಳಿಗೆ ಚಹಾ ತೆಗೆದುಕೊಂಡು ಹೋಗುವ ಹುಡುಗ. ಸಂಜೆ ಆದ ಮೇಲೆ ಕೈಕಾಲು ತೊಳೆದು ಕನ್ನಡ ರಾತ್ರಿ ಶಾಲೆಗೆ. ಆಗ ಫೋರ್ಟಿನಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೊಗವೀರರು, ಬಿಲ್ಲವರು, ಬಂಟರು, ಊರಿಂದ ಬಂದ ಎಲ್ಲರೂ ಸೇರಿ ಹೋಟೆಲ್ ಹುಡುಗರಿಗಾಗಿ ನಡೆಸಿದ ಶಾಲೆಗಳು. ಅಪ್ಪಯ್ಯನ ಕ್ಲಾಸಿನಲ್ಲಿ ಅರ್ಧ ಜನ ನಿದ್ದೆ ಮಾಡುತ್ತಿದ್ದರಂತೆ. ಮೇಷ್ಟ್ರು ಬೈಯುತ್ತಿರಲಿಲ್ಲವಂತೆ, ಏಕೆಂದರೆ ಮೇಷ್ಟ್ರೂ ಹಗಲು ಬ್ಯಾಂಕಿನಲ್ಲಿ ದುಡಿದು ಬಂದವರು, ಒಮ್ಮೊಮ್ಮೆ ಅವರೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು.

ಶಾಲೆ ಮುಗಿಸಿ ಬಂದರೆ ಮಲಗುವುದು ಹೋಟೆಲಿನ ಟೇಬಲ್ ಜೋಡಿಸಿ ಅದರ ಮೇಲೆ. ಧಣಿ ಶಟರ್ ಎಳೆದು ಮನೆಗೆ ಹೋಗುವಾಗ ಎಲ್ಲ ಲೈಟ್ ಆರಿಸಿ, ಕೈ ತೊಳೆಯುವ ಜಾಗದ ಮೇಲಿನ ಒಂದು ಟ್ಯೂಬ್‌ಲೈಟ್ ಮಾತ್ರ ಬಿಟ್ಟುಹೋಗುತ್ತಿದ್ದರು. ಯಾರಿಗೂ ಏನೂ ಹೇಳುತ್ತಿರಲಿಲ್ಲ. ಅಪ್ಪಯ್ಯ ಎಸ್‌ಎಸ್‌ಸಿ ಪಾಸಾದದ್ದು ಆ ಟ್ಯೂಬ್‌ಲೈಟಿನಲ್ಲಿ. ಆ ಧಣಿ ನಾಲ್ಕನೇ ಕ್ಲಾಸಿನ ಮೇಲೆ ಓದಿದವರಲ್ಲ. ಬೈಗುಳದಲ್ಲಿ ಎತ್ತಿದ ಕೈ, ಸಂಬಳ ತಡ ಮಾಡುತ್ತಿದ್ದರು ಅಂತ ಅಪ್ಪಯ್ಯ ಈಗಲೂ ಹೇಳುತ್ತಾರೆ. ಆದರೆ ಟ್ಯೂಬ್‌ಲೈಟಿನ ವಿಷಯ ಬಂದರೆ ಮಾತು ಮೆತ್ತಗಾಗುತ್ತದೆ.

ನಮ್ಮ ಕಾಲೇಜಿನ ಹಾಲ್‌ನಲ್ಲಿ ಸ್ಥಾಪಕರ ಫೋಟೋ ಇದೆ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ಅಂತ ಅದರ ಕೆಳಗೆ ಬರೆದಿದೆ. ಪ್ರತಿ ಆನ್ಯುವಲ್ ಡೇಗೆ ಹಾರ ಹಾಕುತ್ತೀರಿ, ಈ ಕಥೆ ಹೇಳುತ್ತೀರಿ, ನಾವು ಚಪ್ಪಾಳೆ ತಟ್ಟುತ್ತೇವೆ. ಆ ಫೋಟೋದ ಸರಿ ಕೆಳಗಿನ ಮಹಡಿಯಲ್ಲಿ ಲೈಬ್ರರಿ. ಅದೇ ಹುಡುಗ ಇವತ್ತು ಬಂದು, ಹೋಟೆಲ್ ಕೆಲಸ ಮುಗಿಯಿತು, ಸ್ವಲ್ಪ ಓದುತ್ತೇನೆ ಅಂತ ಏಳು ಗಂಟೆಗೆ ಬಾಗಿಲಲ್ಲಿ ನಿಂತರೆ, ವಾಚ್‌ಮನ್ ಅವನನ್ನು ಒಳಗೆ ಬಿಡುವುದಿಲ್ಲ.

ಖರ್ಚು ಅಂತೀರಿ, ಗೊತ್ತು. ನನಗೆ ಕಾಸ್ಟಿಂಗ್ ಪೇಪರ್ ಇದೆ, ನಿಮಗಾಗಿ ಲೆಕ್ಕ ಹಾಕಿದ್ದೇನೆ. ರೀಡಿಂಗ್ ರೂಮಿನಲ್ಲಿ 20 ಎಲ್‌ಇಡಿ ಟ್ಯೂಬು, ಒಂದೊಂದು 20 ವ್ಯಾಟ್, ಒಟ್ಟು 400. ಫ್ಯಾನು 16, ಒಂದೊಂದು 75 ವ್ಯಾಟ್ ಅಂತ ಹಿಡಿದರೆ 1,200. ಎರಡೂ ಸೇರಿ ಗಂಟೆಗೆ 1.6 ಯೂನಿಟ್. ಐದರಿಂದ ಹತ್ತರ ತನಕ ದಿನಕ್ಕೆ 8 ಯೂನಿಟ್. ಭಾನುವಾರ ಬಿಟ್ಟು ಆರು ವಾರಕ್ಕೆ 36 ದಿನ, 288 ಯೂನಿಟ್. ಯೂನಿಟ್ಟಿಗೆ 15 ರೂಪಾಯಿ ಅಂತ ದುಬಾರಿಯಾಗೇ ಹಿಡಿಯಿರಿ, 4,320 ರೂಪಾಯಿ. ಆನ್ಯುವಲ್ ಡೇಗೆ ಗೇಟಿನಿಂದ ಸ್ಟೇಜಿನ ತನಕ ಫ್ಲೆಕ್ಸ್ ಕಟ್ಟಿದ್ದಿರಿ, ಅದರಲ್ಲಿ ಮಂತ್ರಿಯೊಬ್ಬರ ಮುಖ ಹನ್ನೊಂದು ಸಲ ಇತ್ತು, ಅವರು ಬರಲೂ ಇಲ್ಲ. ಆ ಫ್ಲೆಕ್ಸಿನ ಬಿಲ್ಲು ಎಷ್ಟಾಯಿತು ಅಂತ ನಾನು ಕೇಳುವುದಿಲ್ಲ.

ಲೈಟಿನ ಬಿಲ್ಲಿಗಿಂತ ಜಾಸ್ತಿ ಆಗುವುದು ಜನರ ಸಂಬಳ, ಒಪ್ಪುತ್ತೇನೆ. ಕಾಕಾನನ್ನು ರಾತ್ರಿ ಹತ್ತರ ತನಕ ಸುಮ್ನೆ ಕೂರಿಸಿ ಅಂತ ನಾವು ಕೇಳುತ್ತಿಲ್ಲ. ಅವರಿಗೂ ಮನೆ ಇದೆ, ಓವರ್‌ಟೈಮ್ ಕೊಡದೆ ಒಂದು ನಿಮಿಷವೂ ಕೂರಿಸಬೇಡಿ. ಮಹಾರಾಷ್ಟ್ರದಲ್ಲಿ ಗಳಿಸಿ ಕಲಿಯಿರಿ ಅನ್ನುವ ಪದ್ಧತಿ ಹಳೆಯದು. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ಶುರು ಮಾಡಿದ ರಯತ್ ಶಿಕ್ಷಣ ಸಂಸ್ಥೆಯಲ್ಲಿ ಮಕ್ಕಳು ಕೆಲಸ ಮಾಡಿಯೇ ಓದಿದರು, ಪುಣೆಯ ವಿಶ್ವವಿದ್ಯಾಲಯದಲ್ಲಿ ಈಗಲೂ ಅಂಥ ಯೋಜನೆ ನಡೆಯುತ್ತಿದೆ. ನಮ್ಮಲ್ಲೇ ಇಬ್ಬರನ್ನು ಪಾಳಿಯ ಮೇಲೆ ಕೌಂಟರಿನಲ್ಲಿ ಕೂರಿಸಿ, ಗಂಟೆಗೆ ಇಷ್ಟು ಅಂತ ಕೊಡಿ. ರಿಜಿಸ್ಟರ್ ಬರೆಯುತ್ತೇವೆ, ಐಡಿ ಕಾರ್ಡ್ ನೋಡುತ್ತೇವೆ, ಕೊನೆಗೆ ಫ್ಯಾನ್ ಆರಿಸಿ ಬೀಗ ಹಾಕಿ ಕೀಲಿಕೈ ವಾಚ್‌ಮನ್‌ಗೆ ಕೊಡುತ್ತೇವೆ. ವಾಚ್‌ಮನ್ ಹೇಗೂ ರಾತ್ರಿ ಇಡೀ ಇರುತ್ತಾರೆ.

ಇನ್ನು ಹುಡುಗಿಯರ ಸೇಫ್ಟಿ. ನಾವು ಏನು ಕೇಳಿದರೂ ಕೊನೆಗೆ ಈ ಒಂದು ಮಾತು ಬಂದೇ ಬರುತ್ತದೆ. ಇದು ಸುಳ್ಳು ಕಾಳಜಿ ಅಂತ ನಾನು ಹೇಳುವುದಿಲ್ಲ, ನಮ್ಮ ಅಮ್ಮನಿಗೂ ಇದೇ ಚಿಂತೆ. ಆದರೆ ಕೇಳಿ. ಐದಕ್ಕೆ ಬೀಗ ಹಾಕಿದ ಮೇಲೆ ನಾವು ಮನೆಯಲ್ಲಿ ಬಾಗಿಲು ಹಾಕಿಕೊಂಡು ಇರುತ್ತೇವೆ ಅಂತ ನೀವು ತಿಳಿದುಕೊಂಡಿದ್ದೀರಿ. ನಾನು ಎಲ್ಲಿರುತ್ತೇನೆ ಅಂತ ಈಗಷ್ಟೇ ಹೇಳಿದೆ. ಮೆಟ್ಟಿಲ ಮೇಲೆ, ಪ್ಲಾಟ್‌ಫಾರ್ಮಿನಲ್ಲಿ, ಟ್ರೈನಿನಲ್ಲಿ. ಇವೆಲ್ಲಕ್ಕಿಂತ ಸಿಸಿಟಿವಿ ಇರುವ, ವಾಚ್‌ಮನ್ ಇರುವ, ನಮ್ಮದೇ ಕ್ಲಾಸಿನ ನಲವತ್ತು ಜನ ಇರುವ ರೂಮು ಅಪಾಯವೇ? ಹತ್ತರ ತನಕ ಬೇಡ ಅನ್ನಿಸಿದವರು ಎಂಟಕ್ಕೇ ಹೋಗಲಿ. ಬಾಗಿಲು ತೆರೆದಿದ್ದರೆ ತಾನೇ ಹೋಗುವ ಹೊತ್ತು ಅಂತ ಒಂದು ಇರುವುದು.

ಯಾರೂ ಬರುವುದಿಲ್ಲ, ಎರಡು ದಿನ ಬಂದು ಮೂರನೇ ದಿನ ಲೈಬ್ರರಿಯನ್ನು ಕಟ್ಟೆ ಮಾಡಿಕೊಂಡು ಹರಟೆ ಹೊಡೆಯುತ್ತಾರೆ ಅಂತ ಒಬ್ಬರು ಸರ್ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಹರಟೆಗೆ ನಮಗೆ ಗೇಟಿನ ಎದುರು ಬೇರೆಯೇ ಕಟ್ಟೆ ಇದೆ ಸರ್, ಅಲ್ಲಿ ಚಹಾ ಕೂಡ ಸಿಗುತ್ತದೆ. ಇರಲಿ. ಒಂದು ವಾರ ಬಿಟ್ಟು ನೋಡಿ. ಹತ್ತು ಜನಕ್ಕಿಂತ ಕಡಿಮೆ ಬಂದರೆ ಮುಚ್ಚಿಬಿಡಿ, ನಾನು ಇನ್ನೊಂದು ಪತ್ರ ಬರೆಯುವುದಿಲ್ಲ.

ಹೊಸ ಅರ್ಜಿಯಲ್ಲಿ ಇವತ್ತಿನ ತನಕ 112 ಸಹಿ ಆಗಿದೆ. ಅದರಲ್ಲಿ ಮೂವರು ಲೆಕ್ಚರರ್‌ಗಳೂ ಇದ್ದಾರೆ, ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ಸೋಮವಾರ ಸಂಜೆ ಐದಕ್ಕೆ ಅದನ್ನು ಹಿಡಿದುಕೊಂಡು ಲೈಬ್ರರಿಯ ಬಾಗಿಲಲ್ಲಿ ನಿಂತಿರುತ್ತೇವೆ. ಘೋಷಣೆ ಕೂಗುವುದಿಲ್ಲ, ಫಲಕ ಹಿಡಿಯುವುದಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಕೂತು ಓದುತ್ತೇವೆ, ಪರೀಕ್ಷೆ ಹತ್ತಿರ ಬಂದಿದೆ, ಹೋರಾಟಕ್ಕೆ ಅಂತ ಬೇರೆ ಟೈಮ್ ಇಲ್ಲ. ಪ್ಯಾಸೇಜಿನ ಲೈಟೊಂದು ಆರಿಸಬೇಡಿ.

ಮತ್ತೆ ಲೈಬ್ರರಿಯವರಿಗೆ ಒಂದು ವಿನಂತಿ. ಬುಧವಾರ ನಾನು ನೋ ಡ್ಯೂಸ್‌ಗಾಗಿ ವಾಪಸ್ ಕೊಟ್ಟ ಕಾಸ್ಟ್ ಅಕೌಂಟಿಂಗ್ ಪುಸ್ತಕ, ನೀಲಿ ರಟ್ಟಿನದು, ಕೊನೆಯ ಪುಟ ಹರಿದದ್ದು, ನಿನ್ನೆ ನೋಡಿದಾಗಲೂ ಕೌಂಟರಿನ ಹಿಂದಿನ ರಾಶಿಯಲ್ಲೇ ಇತ್ತು. ಯಾರೂ ಕೇಳಿಲ್ಲ. ನನ್ನ ಪೇಪರು 21ಕ್ಕೆ. ಅಲ್ಲಿಯ ತನಕ ಕೊಡುವುದಾದರೆ, ಡೆಪಾಸಿಟ್ ಎಷ್ಟು ಅಂತ ಹೇಳಿ, ತರುತ್ತೇನೆ.

ಇಂತಿ,
ನಿಮ್ಮ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿನಿ
ಅಸಲ್ಫಾ, ಘಾಟ್ಕೋಪರ್ ಪಶ್ಚಿಮ